ಗಿರಣಿಯಮ್ಮನಿಗೆ ವಿಭೂತಿ

ಸುರಪುರದ ಡ್ರಾಯಿಂಗ್ ಮಾಸ್ತರ ಸಂಗಮನಾಥನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಬ್ಬ ಹೆಂಗಸಿನ ದೆಸೆಯಿಂದ. ಆ ಹೆಂಗಸಿಗೆ ತಲೆಯ ಜಾಗದಲ್ಲಿ ಹಲ್ಲುಗಾಲಿ, ತೋಳಿನ ಜಾಗದಲ್ಲಿ ಹೊಳೆಯುವ ಪೈಪು, ಸೊಂಟಕ್ಕೆ ಹಿಟ್ಟಿನ ಗಿರಣಿಯ ಬೆಲ್ಟು. ಅವಳನ್ನು ಬರೆದವನು ಶಹಾಪುರದ ಡ್ರಾಯಿಂಗ್ ಮಾಸ್ತರ ಮರಿಲಿಂಗ. ನೋಡಿದವರೆಲ್ಲ ಅವಳನ್ನು ಗಿರಣಿಯಮ್ಮ ಎಂದೇ ಕರೆಯತೊಡಗಿದ್ದರು.

ಸುರಪುರದ ಹೊಸ ಸಭಾಭವನದ ಗೋಡೆಗೆ ಒಂದೇ ಚಿತ್ರ ಬೇಕಾಗಿತ್ತು, ಅದೂ ಕಾಯಂ ಆಗಿ. ಅದನ್ನು ಆರಿಸಲೆಂದೇ ಭವನದಲ್ಲಿ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಸಂಗಮನಾಥ ತಿಂಗಳುಗಟ್ಟಲೆ ಕಣ್ಣು ಕೆಡಿಸಿಕೊಂಡು, ಊರಿನ ಹಳೆಯ ಪದ್ಧತಿಯಂತೆ ಬಂಗಾರದ ರೇಕು ಹಚ್ಚಿ ರಾಮನ ಪಟ್ಟಾಭಿಷೇಕ ಬರೆದಿದ್ದ. ಜನ ಅದಕ್ಕೆ ಕೈಮುಗಿದು ಮುಂದೆ ಸಾಗುತ್ತಿದ್ದರು. ನಿಂತು ನೋಡುತ್ತಿದ್ದದ್ದು ಗಿರಣಿಯಮ್ಮನನ್ನು.

ಮರಿಲಿಂಗ ಎಲ್ಲರಿಗೂ ವಿವರಿಸುತ್ತಿದ್ದ. ನೂರು ವರ್ಷದ ಹಿಂದೆ ಪ್ಯಾರಿಸಿನ ಚಿತ್ರಗಾರರು ಎಂಜಿನ್ನು, ವಿಮಾನದ ಪಂಖ ನೋಡಿ ಮರುಳಾಗಿ, ಮನುಷ್ಯರನ್ನೇ ಪೈಪು ಗಾಲಿಗಳಿಂದ ಕಟ್ಟಿ ಬರೆದರಂತೆ. ಸಂಗಮನಾಥನಿಗೆ ಪ್ಯಾರಿಸಿನ ಮೇಲೂ ಸಿಟ್ಟು ಬಂತು.

ಅಂದು ಖಂಡೆಪೂಜೆ, ಎಂದರೆ ಆಯುಧಪೂಜೆ. ಭವನದ ಜವಾನ ಅಮಾತೆಪ್ಪ ನೀರಿನ ಮೋಟಾರು, ಜನರೇಟರು, ಝೆರಾಕ್ಸ್ ಮಷೀನು ಎಲ್ಲಕ್ಕೂ ವಿಭೂತಿ ಎಳೆಯುತ್ತ ಬರುತ್ತಿದ್ದ. ಅದನ್ನು ಕಂಡ ಸಂಗಮನಾಥನಿಗೆ ಚಿತ್ರ ಕೆಡಿಸುವ ಉಪಾಯ ಹೊಳೆಯಿತು. ಮರಿಲಿಂಗ ಚಹಾಕ್ಕೆ ಹೋದದ್ದೇ ತಡ, ಅಮಾತೆಪ್ಪನನ್ನು ಗಿರಣಿಯಮ್ಮನ ಮುಂದೆ ನಿಲ್ಲಿಸಿದ.

“ಎಲ್ಲಾ ಮಷೀನಿಗಿ ಪೂಜಿ ಮಾಡಿ ಇದೊಂದನ್ನ ಬಿಡ್ತೀ ಏನಪ್ಪಾ?”

ಅಮಾತೆಪ್ಪ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದ. “ಮಷೀನ ಅದ, ಖರೇ. ಆದ್ರ ಹೆಣ್ಮಗಳೂ ಆಗ್ಯಾಳಲ್ರಿ. ನಾ ಮುಟ್ಟಂಗಿಲ್ರಿ ಸರ, ನೀವೇ ಹಚ್ರಿ,” ಎಂದು ಪೂಜೆಯ ತಾಟು ಕೊಟ್ಟ.

ಸಂಗಮನಾಥ ಹಲ್ಲುಗಾಲಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದ, ಪೈಪುಗಳಿಗೆ ಕುಂಕುಮ ಮೆತ್ತಿದ. ಅಷ್ಟರಲ್ಲಿ ಟೀಚರ್ ಗುರುದೇವಿ ಬಂದು, ಅರಿಶಿನವಿಲ್ಲದ ಪೂಜೆ ಎಂಥದ್ದು ಎಂದು ಅದನ್ನೂ ಹಚ್ಚಿಸಿದಳು. ಯಾರೋ ಚೆಂಡುಹೂವಿನ ಮಾಲೆ ತಂದರು. ಕಾಯಿಯನ್ನೂ ಅವನಿಂದಲೇ ಒಡೆಸಿದರು; ನೀರು ಚಿತ್ರದ ಮೇಲೆಲ್ಲ ಹಾರಿತು. ಅವನಿಗೆ ಒಳಗೊಳಗೇ ಹಬ್ಬ. ಆರತಿ ಎತ್ತುವಾಗ ಹಿಂದೆ ಬಂದು ನಿಂತವರು ಕಲಬುರಗಿಯ ಹಿರಿಯ ಕಲಾವಿದೆ, ತೀರ್ಪುಗಾರ್ತಿ ಅರ್ಜುಮಂದ ಮೇಡಂ. ಅವರ ಹಿಂದೆ ಮರಿಲಿಂಗ, ಮುಖ ಸುಣ್ಣವಾಗಿತ್ತು.

ಮೇಡಂ ಬಹಳ ಹೊತ್ತು ನೋಡಿದರು. “ಪ್ಯಾರಿಸಿನವರು ಮಷೀನಿಗಿ ದೇವ್ರು ಅಂದ್ರು ಖರೆ, ಯಾರೂ ಕಾಯಿ ಒಡೀಲಿಲ್ಲ. ಬರೇ ಪೈಪಿದ್ರ ಇದು ಅವರ ನಕಲು ಆಗ್ತಿತ್ತು. ಈಗ ನಮ್ಮದಾಗ್ಯಾದ. ಗೋಡಿಗಿ ಇದೇ ಇರ್ಲಿ.”

ಸಂಗಮನಾಥ ಆರತಿಯನ್ನು ಕೆಳಗಿಟ್ಟ. ಮರಿಲಿಂಗ ಸಾಚಾ ಮನುಷ್ಯ. ಪೂಜೆ ತನ್ನದಲ್ಲ, ಸಂಗಮನಾಥ ಮಾಸ್ತರರದು ಎಂದು ಎಲ್ಲರೆದುರು ಹೇಳಿ ಅವನನ್ನು ತಬ್ಬಿಕೊಂಡ. ಚಿತ್ರದ ಕೆಳಗೆ ತನ್ನ ಹೆಸರೂ ಬಂದೀತೆಂದು ಸಂಗಮನಾಥನಿಗೆ ಆಸೆ ಚಿಗುರಿತು.

ಮೇಡಂ ಅವನತ್ತ ತಿರುಗಿದರು. “ನಿಮ್ಮ ಕೈ ಭಾಳ ಛಲೋ ಅದ. ಆದ್ರ ವಿಭೂತಿ ಉದರ್ತದ, ಹೂವು ಬಾಡ್ತಾವ. ಬ್ಯಾರೇದವರು ಮುಟ್ಟಿದ್ರ ಕೆಡ್ತದ. ಸೋಮವಾರಕ್ಕೊಮ್ಮೆ ನೀವೇ ಬಂದು ಮಾಡಬೇಕ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಪಟ್ಟಾಭಿಷೇಕದ ರಾಮ ಅಂದು ಸಂಜೆಯೇ ಆಟೋದಲ್ಲಿ ಮನೆಗೆ ಮರಳಿದ. ಈಗ ಪ್ರತಿ ಸೋಮವಾರ ಸಂಗಮನಾಥ ಸ್ನಾನ ಮಾಡಿ, ಹೂವು ಕಾಯಿ ಕೊಂಡು, ಮರಿಲಿಂಗನ ಚಿತ್ರಕ್ಕೆ ಆರತಿ ಎತ್ತಿ ಕೈಮುಗಿದು ಬರುತ್ತಾನೆ.