ಗೌಡರ ಸಿಗರೇಟಿಗೆ ನೆರಳು

ಧೂಮಪಾನ ನಿಷೇಧದ ಬೋರ್ಡನ್ನು ನಮ್ಮ ಖಾನಾವಳಿಯಲ್ಲಿ ಹಾಕಬೇಕೆಂದು ಹೊರಟವನು ನಾನೋ, ಹಾಕಿಸಿದವಳು ನನ್ನ ಹೆಂಡತಿ ಶರಣಮ್ಮನೋ, ಈಗ ಖಚಿತವಾಗಿ ಹೇಳಲಾರೆ. ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು. ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂದು ಅಲ್ಲಿ ಕಲಿತೆ. ನನ್ನ ನೆನಪನ್ನಂತೂ ನಂಬಲೇಬಾರದು ಎಂದು ಹೊಸಪೇಟೆಗೆ ಬಂದು ಮದುವೆಯಾದ ಮೇಲೆ ಕಲಿತೆ. ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಹೆಚ್ಚುಕಡಿಮೆ ಇರಬಹುದು. ಹೊಟ್ಟೆಕಿಚ್ಚು ಮಾತ್ರ ಪಕ್ಕಾ!

ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಕಾಲ ಅದು. ಆ ಲಾರಿಗಳು ಓಡಾಡುವ ರಸ್ತೆಯಲ್ಲೇ ನಮ್ಮ ಖಾನಾವಳಿ. ದುಡ್ಡಿನ ಗಲ್ಲೆಯಲ್ಲಿ ಶರಣಮ್ಮ, ಒಲೆಯ ಮುಂದೆ ನಾನು. ರಸ್ತೆಯ ಆಚೆ, ಸರಿಯಾಗಿ ಎದುರಿಗೆ, ಕೊಟ್ರೇಶನ ಖಾನಾವಳಿ. ಅವನ ಮೇಲೆ ನನಗೆ ಯಾವ ಅಸೂಯೆಯೂ ಇರಲಿಲ್ಲ. ಅವನಿಗೆ ಗಿರಾಕಿಗಳೇ ಇರಲಿಲ್ಲ.

ನಮ್ಮ ದೊಡ್ಡ ಆಸ್ತಿ ಎಂದರೆ ರುದ್ರಗೌಡರು. ಅದಿರು ಸಾಗಿಸುವ ಗುತ್ತಿಗೆದಾರರು. ದಿನಾ ಮಧ್ಯಾಹ್ನ ತಮ್ಮ ದಂಡು ಕಟ್ಟಿಕೊಂಡು ಬಂದರೆ ಅರ್ಧ ಖಾನಾವಳಿ ಭರ್ತಿ. ಅದಿರಿನ ಧೂಳಿಗೆ ಗುಬ್ಬಚ್ಚಿಗಳೂ ಕೆಂಪಾಗಿದ್ದ ಊರಿನಲ್ಲಿ ಅವರು ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಅವರು ಬರುವುದು ನಿಂತರೆ ನಾವು ಬಾಗಿಲು ಹಾಕಬೇಕಾಗುತ್ತಿತ್ತು.

ಆ ವರ್ಷ ಗಾಂಧಿ ಜಯಂತಿಯಿಂದ ಧೂಮಪಾನ ನಿಷೇಧದ ಕಾನೂನು ಜಾರಿಗೆ ಬಂತು. ಕೆಲವರು ಬೋರ್ಡು ಹಾಕಿ, ಅದರ ಕೆಳಗೇ ಆಶ್‌ಟ್ರೇ ಇಟ್ಟರು. ನಾನು ವಿದ್ಯಾವಂತ. ರೊಟ್ಟಿಗೂ ಅನ್ನಕ್ಕೂ ನಡುವೆ ಗಿರಾಕಿಗಳಿಗೆ ಶ್ವಾಸಕೋಶದ ಬಗ್ಗೆ ಉಪನ್ಯಾಸ ಕೊಟ್ಟೆ.

"ಮತ್ತ ಎಲ್ಲಿ ಸೇದೂಣ್ರಿ ಅಣ್ಣಾರ?" ಎಂದು ದಂಡಿನವನೊಬ್ಬ ಕೇಳಿದ.

"ಹೊರಗ ಹೋಗ್ರಿ. ಈ ದೇಶದಾಗ ಹೊರಗ ಭಾಳ ಜಾಗ ಐತಿ."

ಹೋದರು. ಹೊರಗೆ ಬೆಂಕಿಯಂಥ ಬಿಸಿಲು. ಆಚೆ ಬದಿಗೆ ಕೊಟ್ರೇಶ ಒಂದು ತಾಡಪಾಲು ಕಟ್ಟಿ, ಕೆಳಗೆ ಎರಡು ಬೆಂಚು ಹಾಕಿದ್ದ. "ಬರ್ರಿ, ನೆರಳಿಗೆ ಕುಂದ್ರಿ" ಎಂದು ತಾನೇ ಕಡ್ಡಿ ಗೀರಿ ಹಚ್ಚಿಕೊಟ್ಟ. ಮೊದಮೊದಲು ಊಟವಾದ ಮೇಲೆ ಹೋಗುತ್ತಿದ್ದರು. ಆಮೇಲೆ ಊಟಕ್ಕೆ ಮೊದಲೇ ಹೋದರು. ಕೂತವರು ಯಾಕೆ ಏಳುತ್ತಾರೆ? ಅಲ್ಲೇ ಊಟವನ್ನೂ ಮಾಡತೊಡಗಿದರು. ಒಂದು ದಿನ ರುದ್ರಗೌಡರೂ ರಸ್ತೆ ದಾಟಿಬಿಟ್ಟರು!

ನಾನು ಸೌಟು ಹಿಡಿದು ಕಿಟಕಿಯಲ್ಲಿ ನಿಂತೆ. ಕೊಟ್ರೇಶನ ಮೀಸೆ ದಿನದಿನಕ್ಕೂ ದಪ್ಪವಾಗುತ್ತಿರುವಂತೆ ಕಂಡಿತು.

"ಏನ್ ನೋಡಾಕತ್ತೀರಿ? ರೊಟ್ಟಿ ಹೊತ್ತಾಕತ್ತೈತಿ" ಎಂದಳು ಶರಣಮ್ಮ.

"ಏನಿಲ್ಲ. ಲಾರಿ ನೋಡಾಕತ್ತಿದ್ದೆ."

"ರೊಟ್ಟಿ ಅಲ್ಲ ಬಿಡ್ರಿ. ನಿಮ್ಮ ಹೊಟ್ಟಿ ಹೊತ್ತಿದ ವಾಸನಿ ಅದು. ಗಲ್ಲೆತನಕ ಬರಾಕತ್ತೈತಿ!"

ನಾನು ಸಮಸ್ಯೆಯನ್ನು ತಾರ್ಕಿಕವಾಗಿ ವಿಶ್ಲೇಷಿಸಿದೆ. ಗೌಡರಿಗೆ ಸಿಗರೇಟು ಬೇಕು. ಸಿಗರೇಟಿಗೆ ನೆರಳು ಬೇಕು. ಆದ್ದರಿಂದ ನನ್ನ ನೆರಳು ಕೊಟ್ರೇಶನ ನೆರಳಿಗಿಂತ ದೊಡ್ಡದಿರಬೇಕು! ಅವನ ತಾಡಪಾಲು ಕಂಪ್ಲಿಯಲ್ಲಿರುವ ಭಾವನ ಅಕ್ಕಿ ಗಿರಣಿಯದು. ನಾನು ಯಶವಂತನಗರಕ್ಕೆ ಹೋಗಿ, ಪರಿಚಯದ ಡ್ರೈವರನನ್ನು ಕಾಡಿಬೇಡಿ, ಅದಿರು ಲಾರಿಗೆ ಹೊದಿಸುವ ತಾಡಪಾಲನ್ನೇ ತಂದೆ. ಕಟ್ಟಿದರೆ ಅಂಗಳವೆಲ್ಲ ನೆರಳು.

"ಕೊಡವಿ ಕಟ್ರಿ" ಎಂದಳು ಶರಣಮ್ಮ.

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಕುರ್ಚಿ ಹಾಕಿದೆ. ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ರಸ್ತೆ ದಾಟಿ, ಕೊಟ್ರೇಶನ ಕಣ್ಣೆದುರೇ ಗೌಡರನ್ನು ಕರೆದೆ. ಪಾಪ, ಸಂಕೋಚದ ಮನುಷ್ಯ, ದಂಡಿನ ಸಮೇತ ಬಂದು ಕೂತರು. ಕೊಟ್ರೇಶ ಪೆಚ್ಚಾಗಿ ನಿಂತ. ನನ್ನ ಜೀವನದ ಅತ್ಯಂತ ಸುಖದ ಗಳಿಗೆ! ಬಹುಶಃ ಅರ್ಧ ನಿಮಿಷ ಇತ್ತು.

ತಾಡಪಾಲು ನಡುವೆ ಜೋತುಬಿದ್ದಿತ್ತು. ಗೌಡರ ತಲೆಗೆ ತಾಗಬಾರದೆಂದು ಕೋಲಿನಿಂದ ಒಮ್ಮೆ ತಿವಿದು ಮೇಲೆತ್ತಿದೆ. ಅದಿರಿಗೆ ತಾಗುವ ಮಗ್ಗುಲನ್ನೇ ಕೆಳಗೆ ಮಾಡಿ ಕಟ್ಟಿದ್ದೇನೆಂದು ಆಗ ತಿಳಿಯಿತು. ಧೊಪ್ಪೆಂದು ಅರ್ಧ ಗುಡ್ಡವೇ ಇಳಿಯಿತು!

ಕೆಂಪು ಧೂಳು ಅಡಗಿದಾಗ ಗೌಡರಲ್ಲಿ ಬೆಳ್ಳಗೆ ಉಳಿದದ್ದು ಎರಡು ಕಣ್ಣು ಮಾತ್ರ.

"ಅಣ್ಣಾರ," ಎಂದರು ಮೆಲ್ಲಗೆ, "ಇಷ್ಟು ಮಾಲು ಪರ್ಮಿಟ್ ಇಲ್ದ ಇಳಿಸಂಗಿಲ್ರೀ."

ಆಚೆಯಿಂದ ಕೊಟ್ರೇಶ ಬಿಂದಿಗೆ ಹಿಡಿದು ಓಡಿಬಂದ. "ಬರ್ರಿ ಗೌಡ್ರ, ಮಾರಿ ತೊಳ್ಕೊಂಡು ಊಟ ಮಾಡೀರಂತ."

ಎಲ್ಲರೂ ಎದ್ದರು. ನಾನು ಗೌಡರ ಕೈ ಹಿಡಿದೆ. "ತಪ್ಪಾತ್ರಿ. ಒಂದು ಸಿಗರೇಟರ ಸೇದಿ ಹೋಗ್ರಿ!"

"ಯಾರು, ನಾನಾ? ಹುಟ್ಟಿದಾಗಿಂದ ಸೇದಿಲ್ರೀ!"

ಅವರ ಬಾಯಲ್ಲಿ ಸಿಗರೇಟು ಕಂಡದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಬಾಗಿಲಲ್ಲಿದ್ದ ಶರಣಮ್ಮ ಹಣೆ ಚಚ್ಚಿಕೊಂಡಳು. "ಸೇದಾಂವ ಅವರ ಡ್ರೈವರ್ ರೀ!"

"ಮತ್ತ ಅಲ್ಲಿಗ್ಯಾಕ ಹೋಕ್ಕಿದ್ರಿ, ಗೌಡ್ರ?"

ಗೌಡರು ತಲೆ ತಗ್ಗಿಸಿದರು. ಒಂದಿಷ್ಟು ಅದಿರು ಉದುರಿತು. "ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾರ. ಅವನ ಎಣ್ಣಿಗಾಯಿ ಭಾಳ ಚಲೋ ಇರತೈತ್ರಿ."

ನಾನು ನಂಬಲಿಲ್ಲ. ಮೈತುಂಬ ಅದಿರು ಸುರಿಸಿಕೊಂಡವರ ಸಾಕ್ಷಿ ನಿಷ್ಪಕ್ಷಪಾತವಾಗಿರುತ್ತದೆಯೇ? ದಂಡು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಕೆಲವು ವಾರ ಬಿಟ್ಟು, ಶರಣಮ್ಮ ಮರಿಯಮ್ಮನಹಳ್ಳಿಯ ತವರಿಗೆ ಹೋಗಿದ್ದಾಗ, ತಲೆಗೆ ಟವೆಲ್ ಸುತ್ತಿಕೊಂಡು ನಾನೇ ರಸ್ತೆ ದಾಟಿದೆ. ಕೊಟ್ರೇಶ ಗುರುತು ಹಿಡಿದರೂ ತಾಟು ಇಟ್ಟು ಬಡಿಸಿದ.

ಅವನ ಎಣ್ಣೆಗಾಯಿ ನನ್ನದಕ್ಕಿಂತ ರುಚಿ. ಸಂದೇಹ ಉಳಿಯಬಾರದೆಂದು ಎರಡನೇ ಸಲವೂ ಹಾಕಿಸಿಕೊಂಡೆ.