ಷಡ್ಡಕನಿಗೆ ತೋರಿಸಿದ ಪುಕ್ಕಟೆ ಬೆಟ್ಟ

ಮನೆಗೆ ನೆಂಟರು ಬಂದಾಗ ಅಡುಗೆಗೆ ಏನು ಮಾಡುವುದು ಎಂಬುದು ಹೆಂಡತಿಯ ಚಿಂತೆ. ಉಂಡ ಮೇಲೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದು ಗಂಡನ ಚಿಂತೆ. ಮೊದಲನೆಯದಕ್ಕೆ ಚಳ್ಳಕೆರೆಯಲ್ಲಿ ಬೇಕಾದಷ್ಟು ಅಂಗಡಿಗಳಿವೆ. ಎರಡನೆಯದಕ್ಕೆ ಬೇಕಾದಷ್ಟು ಬಿಸಿಲಿದೆ. ಮೈಸೂರಿನವರಿಗೆ ಅರಮನೆ ಇದೆ, ಹಂಪಿಯವರಿಗೆ ಕಲ್ಲಿನ ರಥವಿದೆ. ನಾನು ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಒಮ್ಮೆ ಯಾರೋ ನೆಂಟರಿಗೆ ನಮ್ಮ ಮಿಲ್ಲನ್ನೇ ತೋರಿಸಿದ್ದೆ. ಅವರು ಹಿಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ಒಂದು ಸುತ್ತು ಬಂದರು. ಆಮೇಲೆ ನಮ್ಮೂರಿನ ಕಡೆ ತಲೆ ಹಾಕಲಿಲ್ಲ. ಆ ಮಟ್ಟಿಗೆ ಅದು ಒಳ್ಳೆಯ ಪ್ರೇಕ್ಷಣೀಯ ಸ್ಥಳವೇ.

ಈ ಏಪ್ರಿಲ್‌ನಲ್ಲಿ ನನ್ನ ಷಡ್ಡಕ ನಾಗರಾಜ, ಅಂದರೆ ನನ್ನ ಹೆಂಡತಿ ಶಾರದೆಯ ತಂಗಿಯ ಗಂಡ, ದುಬೈಯಿಂದ ಹೆಂಡತಿ ಮಗಳ ಸಮೇತ ಬಂದ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಏಸಿ ರಿಪೇರಿ ಮಾಡಿಸುವ ಮೇಸ್ತ್ರಿ ಆತ. ಒಳ್ಳೆಯವನೇ, ಆದರೆ 'ಪುಕ್ಕಟೆ' ಎಂಬ ಮಾತಿಲ್ಲದೆ ಅವನಿಗೆ ವಾಕ್ಯ ಮುಗಿಯುವುದಿಲ್ಲ. ದುಬೈಯಲ್ಲಿ ಸಂಜೆ ನೀರಿನ ಕಾರಂಜಿ ಕುಣಿಯುತ್ತದಂತೆ, ಪುಕ್ಕಟೆ. ಕಡಲ ದಂಡೆಯಲ್ಲಿ ಮಕ್ಕಳು ದಿನವಿಡೀ ಆಡಬಹುದಂತೆ, ಅದೂ ಪುಕ್ಕಟೆ. ಏನೂ ಕೊಳ್ಳದೆ ಇಡೀ ದಿನ ತಣ್ಣನೆಯ ಮಾಲಿನಲ್ಲಿ ಅಡ್ಡಾಡಿದರೂ ಕೇಳುವವರಿಲ್ಲವಂತೆ. ನಮ್ಮ ಮನೆಯ ಫ್ಯಾನಿನ ಕೆಳಗೆ ಕೂತು, ಶಾರದೆ ಕೊಟ್ಟ ಮೂರನೆಯ ಲೋಟ ಮಜ್ಜಿಗೆ ಕುಡಿಯುತ್ತ ಇದನ್ನೆಲ್ಲ ಹೇಳಿದ. ಕೊನೆಗೆ, "ನಮ್ದೂ ಮರಳುಗಾಡು, ನಿಮ್ದೂ ಹೆಚ್ಚುಕಮ್ಮಿ ಅದೇ ಬಿಸ್ಲು. ಇಲ್ಲಿ ಫ್ಯಾಮಿಲಿ ಕರ್ಕೊಂಡು ಹೋಗಾಕೆ ಪುಕ್ಕಟೆ ಏನೈತಣ್ಣ?" ಎಂದ.

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಅಕ್ಕತಂಗಿಯರ ಮಾತು ತಟ್ಟನೆ ನಿಂತಿತು. ಮದುವೆಯಾದ ಮನುಷ್ಯನಿಗೆ ಆ ಮೌನದ ಅರ್ಥ ಗೊತ್ತಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೆರಡರ ಮರ್ಯಾದೆ ಆ ಕ್ಷಣ ನನ್ನ ನಾಲಗೆಯ ಮೇಲಿತ್ತು. "ಮೊಳಕಾಲ್ಮೂರು ಕಡೆ ಜಟಿಂಗ ರಾಮೇಶ್ವರ ಬೆಟ್ಟ ಐತಲ್ಲ" ಎಂದುಬಿಟ್ಟೆ. "ಅಶೋಕ ಚಕ್ರವರ್ತಿ ಬರೆಸಿದ ಶಾಸನ ಐತೆ ಅಲ್ಲಿ. ನಿಮ್ಮ ದುಬೈಯಾಗೆ ಅಷ್ಟು ಹಳೇದು ಏನೈತೆ?"

ಮರುದಿನ ಬೆಳಗಿನ ತಂಪಿಗೇ ಹೊರಡಬೇಕೆಂದು ನಾನು ಹೇಳಿದ್ದು ನಿಜ. ಆದರೆ ನಾಗರಾಜನ ಸ್ನಾನ, ಅವನ ಮಗಳು ಅನನ್ಯಾಳ ಜಡೆ, ದಾರಿಯ ತಳಕು ಊರಿನಲ್ಲಿ ಕಾರು ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡದ್ದು, ಆಮೇಲೆ ಅದನ್ನು ಅಲ್ಲೇ ತಿಂದದ್ದು, ಎಲ್ಲ ಸೇರಿ ಬೆಟ್ಟದ ಬುಡ ತಲುಪುವಾಗ ಸೂರ್ಯ ನಮಗಿಂತ ಎಷ್ಟೋ ಮೇಲೆ ಹತ್ತಿದ್ದ. ಸುಮ್ಮನೆ ಹತ್ತಿದ್ದರೂ ಆಗುತ್ತಿತ್ತು. ಆದರೆ ನಾಗರಾಜ ತನ್ನ ಬಿಳಿ ಬೂಟಿನ ದಾರ ಬಿಗಿಯುವುದನ್ನು ನೋಡಿ ನನಗೆ ಏನೋ ಉಕ್ಕಿ ಬಂತು. "ನಮ್ಮ ಕಡೆಯೋರು ಬರಿಗಾಲಾಗೆ ಹತ್ತೋದು" ಎಂದು ಚಪ್ಪಲಿ ಕಾರಿನಲ್ಲೇ ಬಿಟ್ಟೆ.

"ಬ್ಯಾಡ್ರಿ, ಬಂಡೆ ಕಾದಿರ್ತಾವೆ" ಎಂದಳು ಶಾರದೆ. ಷಡ್ಡಕನ ಎದುರಿಗೆ ಹೆಂಡತಿಯ ಮಾತು ಕೇಳಿದ ಗಂಡಸು ಯಾರಾದರೂ ಇದ್ದರೆ ಆತ ನನಗಿಂತ ಬುದ್ಧಿವಂತ.

ರೆಕ್ಕೆ ಕಡಿಸಿಕೊಂಡ ಜಟಾಯು ಬಿದ್ದದ್ದು ಈ ಬೆಟ್ಟದ ಮೇಲೆ ಎನ್ನುತ್ತಾರೆ. ಮೆಟ್ಟಿಲುಗಳ ಅರ್ಧ ದಾರಿಯಲ್ಲಿ ನನಗೆ ಆ ಪಕ್ಷಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅದು ಹತ್ತಬೇಕಾಗಿರಲಿಲ್ಲ, ನೇರವಾಗಿ ಬಿದ್ದರೆ ಸಾಕಾಗಿತ್ತು. ನನ್ನ ಅಂಗಾಲುಗಳು ದೋಸೆಯ ಹಾಗೆ ಚುಂಯ್ ಎನ್ನತೊಡಗಿದ್ದವು. ಉಳಿದವರೆಲ್ಲ ಮುಂದೆ ಹೋದರು. "ನೀವು ನಡೀರಿ, ನಾನು ನಿಸರ್ಗ ನೋಡ್ತಾ ಬರ್ತೀನಿ" ಎಂದೆ. ನಿಸರ್ಗ ನೋಡುವವನು ನಿಲ್ಲಬೇಕಲ್ಲ. ನನಗೆ ನಿಲ್ಲಲಾಗುತ್ತಿರಲಿಲ್ಲ. ಒಂದು ಕಾಲೆತ್ತಿದರೆ ಇನ್ನೊಂದು ಸುಡುತ್ತಿತ್ತು. ಪಂಚೆ ಮೇಲೆತ್ತಿಕೊಂಡು, ಗಿಡದ ನೆರಳಿಂದ ಗಿಡದ ನೆರಳಿಗೆ ಎಗರತೊಡಗಿದೆ. ನಮ್ಮ ಕಡೆ ಗಿಡಗಳೂ ಒಂದಕ್ಕೊಂದು ಮುನಿಸಿಕೊಂಡವರ ಹಾಗೆ ದೂರ ದೂರ ನಿಂತಿರುತ್ತವೆ.

ಅಲ್ಲೊಂದು ಬಂಡೆಯ ಮರೆಯಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಕೂತಿದ್ದಳು. "ಏಮಪ್ಪಾ, ಬಿಸ್ಲಾಗೆ ಹಂಗ್ಯಾಕೆ ಎಗರ್ತೀಯ? ಮೈಮ್ಯಾಲೆ ದೇವ್ರು ಬಂದೈತಾ?"

"ಕಾಲು ಸುಡ್ತೈತವ್ವ."

"ಮೆಟ್ಟು ಎಲ್ಲಿ?"

"ಕಾರಿನಾಗೆ ಬಿಟ್ಟೀನಿ."

ಅಜ್ಜಿ ನನ್ನನ್ನೂ ನನ್ನ ಪಂಚೆಯನ್ನೂ ಒಮ್ಮೆ ನೋಡಿದಳು. ಮತ್ತೇನೂ ಕೇಳದೆ ತನ್ನ ಹವಾಯಿ ಚಪ್ಪಲಿಗಳನ್ನು ಕಳಚಿ ನನ್ನ ಕಡೆ ತಳ್ಳಿದಳು. "ಹಾಕ್ಕೊ. ನನ್ನ ಕಾಲಿಗೆ ಇದೆಲ್ಲ ಗೊತ್ತಾಗಲ್ಲ." ನನ್ನ ಹಿಮ್ಮಡಿ ಅವುಗಳಿಂದ ಹೊರಗೇ ಉಳಿಯಿತು. ತುದಿಗಾಲಲ್ಲಿ ನಾನು, ಹಿಂದೆ ಅಜ್ಜಿ, ಅವಳ ಹಿಂದೆ ಮೇಕೆಗಳು, ಹೀಗೆ ಕೆಳಗಿಳಿಯತೊಡಗಿದೆವು. ಕಾರಿನ ಹತ್ತಿರ ಅಜ್ಜಿ ತನ್ನ ಚಪ್ಪಲಿ ಮೆಟ್ಟಿಕೊಂಡು, "ಹುಷಾರು ಕಣಪ್ಪ" ಎಂದು ಹೊರಟುಹೋದಳು. ನಾನು ಶಾಸನವನ್ನು ನೋಡಲಿಲ್ಲ.

ನಾಗರಾಜ ನೋಡಿದ. ಕೆಳಗಿಳಿದು ಬಂದವನ ಮುಖ ಬೆಳಗುತ್ತಿತ್ತು. "ಅಣ್ಣ, ನೀವು ಮ್ಯಾಲೆ ಬರ್ಬೇಕಿತ್ತು. ಅಕ್ಷರ ಸವೆದಾವೆ, ನಮ್ ಹುಡುಗಿ ಫೋನಾಗೆ ಅರ್ಥ ಹುಡುಕಿ ಓದಿದ್ಲು. ತಂದೆತಾಯಿ ಮಾತು ಕೇಳ್ಬೇಕು, ಸತ್ಯ ಹೇಳ್ಬೇಕು, ನೆಂಟರ ಜೊತೆ ತಕ್ಕ ಹಾಗೆ ನಡ್ಕೋಬೇಕು ಅಂತ ಬರೆಸವ್ನಂತೆ. ಆ ಕಾಲದಾಗೇ ನೆಂಟರ ವಿಷ್ಯ ಯೋಚ್ನೆ ಮಾಡವ್ನೆ ನೋಡಿ." ಅಶೋಕ ಈ ಮಾತನ್ನು ಬೇರೆಲ್ಲಾದರೂ ಕೆತ್ತಿಸಬಹುದಿತ್ತು. ನನ್ನ ತಾಲ್ಲೂಕಿನ ಪಕ್ಕದಲ್ಲೇ ಕೆತ್ತಿಸಬೇಕಿತ್ತೆ? ಎರಡೇ ದಿನಕ್ಕೆಂದು ಬಂದಿದ್ದ ನಾಗರಾಜ ಅಂದೇ ರಾತ್ರಿ ಇನ್ನೊಂದು ವಾರ ಇರುವುದಾಗಿ ಘೋಷಿಸಿದ. ಊರು ಅವನಿಗೆ ಬಹಳ ಹಿಡಿಸಿತ್ತು.

ನನ್ನ ಅಂಗಾಲಲ್ಲಿ ಬೊಬ್ಬೆಗಳೆದ್ದು ಮಂಚ ಹಿಡಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮೇಲಿನ ತಿರುವಿನಲ್ಲಿ ನಿಂತು ಅನನ್ಯಾ ನನ್ನ ಎಗರಾಟವನ್ನು ಆದಿಯಿಂದ ಅಂತ್ಯದವರೆಗೆ, ಅಜ್ಜಿ ಮತ್ತು ಮೇಕೆಗಳ ಮೆರವಣಿಗೆಯನ್ನೂ ಸೇರಿಸಿ, ವಿಡಿಯೊ ಮಾಡಿದ್ದಳು. ಅದು ಕುಟುಂಬದ ಗುಂಪಿಗೆ ಹೋಯಿತು, ಅಲ್ಲಿಂದ ಬೀದಿಯವರ ಫೋನುಗಳಿಗೆ ಹೋಯಿತು. ಮರುದಿನದಿಂದ ಜನ ನನ್ನನ್ನು ನೋಡಲು ಬರತೊಡಗಿದರು. ಪಕ್ಕದ ಮನೆಯ ಮೆಕ್ಯಾನಿಕ್ ಬಾಷಾಸಾಬರು ಮೊಮ್ಮಕ್ಕಳನ್ನು ಕರೆತಂದು, "ಅರೆ, ಕ್ಯಾ ಡ್ಯಾನ್ಸ್ ಸಾರ್, ಪಾಂವ್ ಹೆಂಗೈತೆ?" ಎಂದು ಪಾದದ ಕ್ಷೇಮ ವಿಚಾರಿಸಿದರು. ಮಿಲ್ಲಿನವರು ಊಟದ ಬಿಡುವಿನಲ್ಲೇ ಬಂದರು. ಅನನ್ಯಾ ಪ್ರತಿಯೊಬ್ಬರಿಗೂ ಮೊದಲು ವಿಡಿಯೊ, ಆಮೇಲೆ ನನ್ನ ಪಾದ, ಈ ಕ್ರಮದಲ್ಲಿ ತೋರಿಸುತ್ತಿದ್ದಳು. ಮಕ್ಕಳು ಬೊಬ್ಬೆ ಮುಟ್ಟಿ ನೋಡಲು ಸಾಲು ನಿಂತರು. ಶಾರದೆ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ನಾನು ಗೋಡೆಯ ಕಡೆ ತಿರುಗಿ ಮಲಗಿ ಎಲ್ಲರನ್ನೂ ಶಪಿಸಿದೆ.

ವಾರದ ಕೊನೆಯಲ್ಲಿ ನಾಗರಾಜನ ಸಂಸಾರ ಹೊರಟುಹೋಯಿತು. ಆ ಸಂಜೆ ಮನೆ ತಣ್ಣಗಿತ್ತು. ಬೊಬ್ಬೆ ಒಣಗುತ್ತಿದ್ದವು. ನಾನು ಒಗೆದ ಪಂಚೆ ಉಟ್ಟು, ತಲೆ ಬಾಚಿಕೊಂಡು, ಬಾಗಿಲಿಗೆ ಕಾಣುವ ಹಾಗೆ ಕಾಲು ಚಾಚಿ ಕೂತೆ. ಕತ್ತಲಾದರೂ ಗೇಟಿನ ಸದ್ದಾಗಲಿಲ್ಲ.

"ಇವತ್ತು ಯಾರೂ ಬರ್ಲಿಲ್ಲೇನೆ?" ಎಂದು ಶಾರದೆಯನ್ನು ಕೇಳಿಯೇಬಿಟ್ಟೆ.