ಎಡಕ್ಕೆ ಮಾತ್ರ ತಿರುಗುವ ಕಾರು

ನನ್ನ ಭಾವನಿಗೆ ಬೇಗ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಬೇಕಲ್ಲ! ಅವರ ವಾಸವೇ ಸಿಟ್ಟಿನಲ್ಲಿ. ನಮ್ಮ ಕಡೆಗೆ ಊಟದ ಹೊತ್ತಿಗೆ ಮಾತ್ರ ಬಂದುಹೋಗುತ್ತಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ಯಾಕೆ ಹೇಳಿದೆ ಎಂದು ಬೈಯುತ್ತಾರೆ, ಹೇಳದಿದ್ದರೆ ನನ್ನ ಹೆಸರು ಹೇಳಲು ನಿನಗೆ ನಾಚಿಕೆಯಾ ಎಂದು ಬೈಯುತ್ತಾರೆ. ಎರಡನೆಯದು ಸ್ವಲ್ಪ ಸಣ್ಣ ಬೈಗುಳವಾಗಬಹುದು ಎಂಬ ಅಂದಾಜಿನಲ್ಲಿ ಅದನ್ನೇ ಆರಿಸಿಕೊಂಡಿದ್ದೇನೆ.

ನನಗೂ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಹಾಗಾಗಿ ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಕಾರ್ಕಳ, ಕೆಲಸ ಗಲ್ಫಿನ ಒಂದು ವರ್ಕ್‌ಶಾಪಿನಲ್ಲಿ. ಅಕ್ಕ ಎರಡು ಸಲ ಬಸುರಿಯಾಗಿದ್ದಳು. ಎರಡು ಸಲವೂ ಮಗು ಉಳಿದಿರಲಿಲ್ಲ. ಮೂರನೆಯ ಸಲ, ಹೊಸ ಶತಮಾನ ಶುರುವಾದ ಹೊಸತರಲ್ಲಿ, ಮಣಿಪಾಲದ ಡಾಕ್ಟರಮ್ಮ ‘ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದು’ ಎಂದರು. ಅಕ್ಕ ಕಾಪುವಿನ ನಮ್ಮ ಮನೆಗೆ ಬಂದು ಮಲಗಿದಳು. ಅವಳ ಹಿಂದೆಯೇ ಭಾವನೂ ಕೆಲಸ ಬಿಟ್ಟು ಬಂದುಬಿಟ್ಟರು.

ಗಲ್ಫಿನಿಂದ ಬರುವವರು ಸೆಂಟು ತರುತ್ತಾರೆ, ಕಂಬಳಿ ತರುತ್ತಾರೆ. ಭಾವ ತಂದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಒಂದು ಆಟದ ಕಾರಿನ ಅಸ್ಥಿಪಂಜರ!

‘ಆಟದ ಕಾರಾ ಭಾವ?’ ಎಂದು ಕೇಳಿದೆ.

‘ಆಟದ್ದಾ? ಎಂತ ಮಾತಾಡ್ತೀಯ ಮಾರಾಯ! ರೇಸಿನದ್ದು ಇದು. ರಿಮೋಟಿನಲ್ಲಿ ಓಡುವುದು. ನಾನು ಹೈಸ್ಕೂಲಿಗೆ ಹೋಗುವ ಕಾಲದ ಮಾಡೆಲ್. ಅಮೆರಿಕದಲ್ಲಿ ಗಟ್ಟಿ ಮಣ್ಣಿನ ಮೇಲೆ ಮೊಟ್ಟೆಯ ಆಕಾರಕ್ಕೆ ದಾರಿ ಮಾಡಿ ಓಡಿಸ್ತಾರೆ.’

ಅವರ ಅಮೆರಿಕದ ಮೇಲಧಿಕಾರಿ ಊರಿಗೆ ಹೋಗುವಾಗ ಎಸೆಯಲು ಮನಸ್ಸಾಗದೆ ಕೊಟ್ಟುಹೋದದ್ದಂತೆ. ಒಂದು ಅಲ್ಯೂಮಿನಿಯಂ ತಟ್ಟೆ, ಮೋಟಾರು, ರಿಮೋಟು, ಮೂರು ಚಕ್ರ, ಕೆಲವು ಸ್ಪ್ರಿಂಗು. ಉಳಿದ ಅರ್ಧ ಇರಲಿಲ್ಲ.

‘ಇದನ್ನು ಮೊದಲಿದ್ದ ಹಾಗೆ ಮಾಡಿ ಓಡಿಸ್ತೇನೆ,’ ಎಂದರು ಭಾವ. ‘ಮಗು ಬರುವ ಮೊದಲು.’

ಮರುದಿನದಿಂದ ಮನೆಯ ಮುಂಭಾಗದ ಚಾವಡಿ ಗ್ಯಾರೇಜಾಯಿತು. ಬೆಳಗಾದರೆ ಕಾಲು ಚಾಚಿ ಕುಳಿತು ಉಜ್ಜುವುದು, ಕೊರೆಯುವುದು, ಕಳೆದುಹೋದ ಸ್ಕ್ರೂವಿಗೆ ಅದರ ವಂಶಸಮೇತ ಬೈಯುವುದು. ಒಳಗಿನ ಕೋಣೆಯಲ್ಲಿ ಹೆಂಡತಿ ಮಲಗಿದ್ದಾಳೆ. ಇವರು ಬಾಗಿಲಿನವರೆಗೆ ಹೋಗಿ ಪೊಲೀಸರು ಕೇಳುವ ಹಾಗೆ ‘ಊಟ ಆಯ್ತಾ?’ ಎನ್ನುವುದು, ಅವಳು ‘ಆಯ್ತು’ ಎಂದ ಕೂಡಲೇ ಓಡಿಬಂದು ಮತ್ತೆ ಕಾರಿನ ಮುಂದೆ ಕೂರುವುದು. ಎರಡು ನಿಮಿಷ ಅವಳ ಪಕ್ಕದಲ್ಲಿ ಕುಳಿತದ್ದನ್ನು ನಾನು ಕಾಣೆ. ನನಗೆ ಸಿಟ್ಟು ಬಂದದ್ದು ತಪ್ಪಾ, ನೀವೇ ಹೇಳಿ!

ಈ ಕಾರಿನ ಗುಟ್ಟೇನೆಂದರೆ ಅದು ಎಡಕ್ಕೆ ಮಾತ್ರ ತಿರುಗುತ್ತದೆ. ‘ಅದ್ಯಾಕೆ ಹಾಗೆ?’ ಎಂದು ಕೇಳಿದ್ದಕ್ಕೆ ಭಾವ ಅಡುಗೆಮನೆಯಿಂದ ಅಮ್ಮನ ಸ್ಟೀಲಿನ ಲೋಟ ತಂದು, ಒಳಗಿದ್ದ ಮಜ್ಜಿಗೆಯನ್ನು ಅಂಗಳಕ್ಕೆ ಚೆಲ್ಲಿ, ಲೋಟವನ್ನು ನೆಲದ ಮೇಲೆ ಉರುಳಿಸಿದರು. ಅದು ನೆಟ್ಟಗೆ ಹೋಗದೆ ಸುತ್ತು ಹೊಡೆಯಿತು.

‘ಕಂಡಿತಾ? ಬಾಯಿ ದೊಡ್ಡದು, ಬುಡ ಸಣ್ಣದು. ದೊಡ್ಡದು ಹೊರಗಿನಿಂದ ಸುತ್ತು ಬರ್ತದೆ. ಹಾಗೆಯೇ ಬಲದ ಚಕ್ರ ದೊಡ್ಡದು, ಎಡದ್ದು ಸಣ್ಣದು. ಭಾರವೆಲ್ಲ ಎಡಕ್ಕೆ. ರೇಸಿನ ಉದ್ದಕ್ಕೂ ಎಡಕ್ಕೇ ತಿರುಗುವುದಾದರೆ ಬಲದ ಚಿಂತೆ ಯಾಕೆ?’

‘ಮಜ್ಜಿಗೆಯ ಚಿಂತೆ ಯಾರಿಗೆ?’ ಎಂದು ಒಳಗಿನಿಂದ ಅಮ್ಮ ಕೇಳಿದರು.

ಆ ದೊಡ್ಡ ಚಕ್ರವೇ ಪೆಟ್ಟಿಗೆಯಲ್ಲಿರಲಿಲ್ಲ. ಒಂದು ದಿನ ನಾನು ಕೆಲಸಕ್ಕೆ ಹೊರಟು ಮೆಟ್ಟಿಲಿಳಿದರೆ ನನ್ನ ಹವಾಯಿ ಚಪ್ಪಲಿಯಲ್ಲಿ ಎಡಗಾಲಿನದ್ದು ಮಾತ್ರ ಇತ್ತು. ಬಲಗಾಲಿನದ್ದು ಚಾವಡಿಯಲ್ಲಿ, ದುಂಡಗೆ ತುಂಡಾಗಿ, ಕಾರಿಗೆ ಚಕ್ರವಾಗಿತ್ತು!

‘ಎರಡನ್ನೂ ಕತ್ತರಿಸಲಿಲ್ಲ ನೋಡು,’ ಎಂದರು ಭಾವ, ಉಪಕಾರ ಮಾಡಿದವರ ಧ್ವನಿಯಲ್ಲಿ. ‘ಒಂದು ಸಾಕಾಯ್ತು.’

ಎಡಕ್ಕೆ ಭಾರ ಬೇಕಲ್ಲ, ಅದಕ್ಕೆ ಸೀಸವೇ ಆಗಬೇಕಂತೆ. ನನ್ನ ಸ್ಕೂಟರಿನಲ್ಲಿ ಹೆಜಮಾಡಿಗೆ ಹೋದೆವು. ಬಲೆ ಹೊಲಿಯುತ್ತಿದ್ದ ಒಬ್ಬರು ಸೀಸದ ಗುಂಡುಗಳನ್ನು ಎತ್ತಿ ಕೊಡುತ್ತಾ ಕೇಳಿದರು: ‘ಯಾವ ಬಲೆಗೆ ಇದು?’

‘ಬಲೆಗಲ್ಲ. ಕಾರಿಗೆ.’

‘ಹೌದಾ! ಕಾರಿನಲ್ಲಿ ಎಂತ ಮೀನು ಸಿಗ್ತದೆ? ಬಂಗುಡೆಯಾ, ಭೂತಾಯಿಯಾ?’

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕಾಗಿ ಉದ್ಯಾವರದಲ್ಲಿರುವ ನನ್ನ ಗೆಳೆಯನ ಮದುವೆಗೆ ಭಾವ ಬರಲಿಲ್ಲ. ಗೆಳೆಯನಿಗೂ ನಗುವಿಗೂ ಏನು ಸಂಬಂಧ ಎಂದು ಇವತ್ತಿನವರೆಗೆ ನನಗೆ ತಿಳಿದಿಲ್ಲ.

ಕಾರು ತಯಾರಾದದ್ದು ಒಂದು ಬಿರುಬಿಸಿಲಿನ ಬೆಳಿಗ್ಗೆ. ಅದನ್ನು ಓಡಿಸಲು ಗಟ್ಟಿಯಾದ, ಮಟ್ಟಸವಾದ, ಕಲ್ಲಿಲ್ಲದ ಮಣ್ಣು ಬೇಕು. ಅಮ್ಮ ಹುಬ್ಬಳ್ಳಿ ಕಡೆಯ ಇಬ್ಬರು ಕೂಲಿಯವರನ್ನು ಕರೆಸಿ, ಹೊಡೆದು ಬಡಿದು ಗಟ್ಟಿ ಮಾಡಿಸಿ, ಸೆಗಣಿ ಸಾರಿಸಿದ ನಮ್ಮ ಅಂಗಳಕ್ಕಿಂತ ಒಳ್ಳೆಯ ಮಣ್ಣು ಅಮೆರಿಕದಲ್ಲೂ ಇರಲಿಕ್ಕಿಲ್ಲ. ನಡುವೆ ತುಳಸಿಕಟ್ಟೆ. ಒಂದು ಬದಿಗೆ ಚಾಪೆಯ ಮೇಲೆ ಅಮ್ಮನ ಸಂಡಿಗೆ.

ಭಾವ ರಿಮೋಟು ಒತ್ತಿದರು. ಸತ್ಯ ಹೇಳುತ್ತೇನೆ, ಅಷ್ಟು ಚಂದದ ಓಟವನ್ನು ನಾನು ನಿರೀಕ್ಷಿಸಿರಲಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಹೊರಗೆ ಜಾರಿ, ಮೂತಿ ಮಾತ್ರ ಒಳಗಿಟ್ಟು, ಧೂಳೆಬ್ಬಿಸಿಕೊಂಡು ಸುಂಯ್ ಎಂದು ಹೋಯಿತು. ಧೂಳೆಲ್ಲ ಸಂಡಿಗೆಯ ಮೇಲೆ ಕುಳಿತಿತು. ಎರಡನೆಯ ಸುತ್ತಿಗೆ ಕಾರೇ ಸಂಡಿಗೆಯ ಮೇಲೆ ಕುಳಿತಿತು!

ಅಮ್ಮ ಹೊರಗೆ ಬಂದರು. ಸಂಡಿಗೆ ನೋಡಲಿಲ್ಲ. ಭಾವ ಕಾರನ್ನು ಎತ್ತಿ ಮತ್ತೆ ಬಿಟ್ಟಿದ್ದರು. ಅಮ್ಮ ನೋಡಿದ್ದು ಅದು ಹೋಗುವ ದಿಕ್ಕನ್ನು. ಅವರ ಮುಖ ಬಿಳುಚಿಹೋಯಿತು.

‘ನಿಲ್ಲಿಸಿ! ತುಳಸಿಗೆ ಯಾರಾದರೂ ಉಲ್ಟಾ ಸುತ್ತು ಬರ್ತಾರಾ? ಮನೆಯೊಳಗೆ ಹುಡುಗಿ ಹೀಗೆ ಮಲಗಿದ್ದಾಳೆ!’

ನಾವು ಪ್ರದಕ್ಷಿಣೆ ಬರುವಾಗ ತುಳಸಿ ನಮ್ಮ ಬಲಗೈಯ ಬದಿಗಿರುತ್ತದೆ. ಎಡಕ್ಕೆ ಸುತ್ತುವುದು ಒಂದೇ ಕಡೆ, ಚಿತೆಗೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಕಾರ್ಕಳದಲ್ಲಿ ಹುಟ್ಟಿದ ಭಾವನಿಗೂ ಗೊತ್ತು. ಆದರೆ ಅವರ ತಲೆಯೊಳಗೆ ಲೋಟ ಉರುಳುತ್ತಿತ್ತು, ತುಳಸಿಗೆ ಜಾಗವಿರಲಿಲ್ಲ.

ಆ ದಿನದಿಂದ ಅತ್ತೆ ಅಳಿಯನಿಗೆ ಮಾತು ಬಿಟ್ಟಿತು. ಇಬ್ಬರೂ ಒಂದೇ ಚಾವಡಿಯಲ್ಲಿ ಕೂರುತ್ತಿದ್ದರು. ನಡುವೆ ನಾನು ಅಂಚೆಪೇದೆ.

‘ಅತ್ತೆಗೆ ಹೇಳು, ಈ ಕಾರಿಗೆ ದೇವರೂ ಗೊತ್ತಿಲ್ಲ, ಹೆಣವೂ ಗೊತ್ತಿಲ್ಲ.’

‘ಕಾರಿಗೆ ಗೊತ್ತಿಲ್ಲದಿದ್ದರೆ ಬಿಡುವವರಿಗೆ ಗೊತ್ತಿರಬೇಕು ಅಂತ ನಿನ್ನ ಭಾವನಿಗೆ ಹೇಳು. ಬಲಕ್ಕೆ ಬಿಡಲಿ, ಬೇಡ ಅಂದವರು ಯಾರು?’

‘ಬಲಕ್ಕೆ ಬಿಟ್ಟರೆ ಮಗುಚಿ ಬೀಳ್ತದೆ! ಅಮೆರಿಕದಲ್ಲಿ ಎಲ್ಲರೂ ಎಡಕ್ಕೇ ಬಿಡುವುದು ಅಂತ ಹೇಳು.’

‘ಅಮೆರಿಕದಲ್ಲಿ ಅಂಗಳದಲ್ಲಿ ತುಳಸಿಕಟ್ಟೆ ಉಂಟಾ ಕೇಳು.’

ನಾನು ಕೇಳಲಿಲ್ಲ. ಕೇಳುವ ಅಗತ್ಯವೇನಿತ್ತು, ಅವರಿಗೇ ಕೇಳಿಸಿತ್ತಲ್ಲ! ಭಾವ ಸಿಟ್ಟಿನಲ್ಲಿ ಕಾರೆತ್ತಿಕೊಂಡು ಕೊಯ್ಲು ಮುಗಿದ ಗದ್ದೆಗೆ ಹೋದರು. ಕೂಳೆಗೆ ಸಿಕ್ಕಿ ಅದು ಮಾರು ದೂರವೂ ಹೋಗಲಿಲ್ಲ. ವಾಪಸು ಬಂದವರು ಗದ್ದೆಗೆ ಬೈದರು, ಭತ್ತಕ್ಕೆ ಬೈದರು, ಮಧ್ಯಾಹ್ನ ಗಂಜಿಯನ್ನೇ ಉಣ್ಣಲಿಲ್ಲ.

ನಾನು ಅಕ್ಕನ ಹತ್ತಿರ ಹೋಗಿ, ‘ಎಂಥವರನ್ನು ಕಟ್ಟಿಕೊಂಡೆ ನೀನು!’ ಎಂದೆ. ಅವಳು ಸೂರು ನೋಡುತ್ತಾ ಮಲಗಿದ್ದಳು.

‘ಅಮ್ಮ, ಇವರು, ಈಗ ನೀನು. ಮೂರು ಜನವೂ ಸಿಕ್ಕಿದ್ದಕ್ಕೆಲ್ಲ ಸಿಟ್ಟು ಮಾಡ್ತೀರಿ,’ ಎಂದಳು. ‘ನನಗೆ ಹೆದರಿಕೆ ಆಗ್ತದೆ ಅಂತ ಹೇಳಲಿಕ್ಕೆ ಈ ಮನೆಯಲ್ಲಿ ಒಬ್ಬರೂ ಪುರುಸೊತ್ತಿನಲ್ಲಿಲ್ಲ.’

ನಾನು ಅವಳ ಹಾಸಿಗೆಯ ಅಂಚಿನಲ್ಲಿ ಕುಳಿತೆ.

ದಿನ ತುಂಬುವ ಮೊದಲೇ ಅವಳಿಗೆ ನೋವು ಶುರುವಾಯಿತು. ನೆರೆಮನೆಯವರ ಕಾರಿನಲ್ಲಿ ಮಣಿಪಾಲಕ್ಕೆ ಹೋದೆವು. ಬೆಳಿಗ್ಗೆಯೇ ಹೆರಿಗೆಯಾಯಿತು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು. ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ‘ಈಗ ಏನೂ ಹೇಳಲಾಗದು. ಕಾಯಬೇಕು,’ ಎಂದರು ಡಾಕ್ಟರಮ್ಮ. ಭಾವ ಗಾಜಿನಾಚೆಯಿಂದ ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ನಾನು ತಿರುಗಿದರೆ ಅವರಿಲ್ಲ. ಕಾರಿಡಾರಿನಲ್ಲಿಲ್ಲ, ಕ್ಯಾಂಟೀನಿನಲ್ಲಿಲ್ಲ, ಗೇಟಿನಲ್ಲೂ ಇಲ್ಲ.

ಹಗಲೆಲ್ಲ ಅಂಗಡಿಯಲ್ಲೇ ಇರುತ್ತಿದ್ದ ಅಪ್ಪ ಆ ದಿನ ಅಂಗಡಿ ಮುಚ್ಚಿ ಬಂದಿದ್ದರು. ಅವರನ್ನು ಅಕ್ಕನ ಬಳಿ ಬಿಟ್ಟು, ಬಟ್ಟೆಬರೆ ತರಲು ನಾನೂ ಅಮ್ಮನೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಬೈಗುಳ ಜೋಡಿಸುತ್ತಿದ್ದೆ. ಕಡಿಯಾಳಿ ದಾಟುವಾಗ ದೇವಸ್ಥಾನದ ಕಡೆಗೆ ಕೈಮುಗಿದ ಅಮ್ಮ, ಮುಗಿದ ಕೈ ಬಿಡುವ ಮೊದಲೇ ಹೇಳಿದರು: ‘ಆ ಕಾರು ಹಿಡಿದುಕೊಂಡು ಕೂತಿದ್ದರೆ ಇವತ್ತು ಅದನ್ನು ಬಾವಿಗೆ ಹಾಕ್ತೇನೆ. ನೋಡಿಕೋ.’

ಮನೆಗೆ ಬಂದೆವು. ಭಾವ ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಮುಂದೆ ಕಾರು! ಬೈಯಲು ನನ್ನ ಬಾಯಿ ತೆರೆದೇ ಇತ್ತು. ಆಗ ಕಂಡಿತು: ಅಮ್ಮ ಅಕ್ಕಿ ಕೇರುವ ಗೆರಸೆಯಲ್ಲಿ ಬಿಚ್ಚಿದ ಸ್ಕ್ರೂಗಳು. ತಟ್ಟೆಯ ಎಡಬದಿಯಲ್ಲಿದ್ದ ಸೀಸವೆಲ್ಲ ಈಗ ಬಲಬದಿಯಲ್ಲಿ. ಬಲದ ದೊಡ್ಡ ಚಕ್ರ ಎಡಕ್ಕೆ ಬಂದಿತ್ತು. ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ, ತಿರುಗುಮುರುಗು ಮಾಡಿ, ಮತ್ತೆ ಕಟ್ಟಿದ್ದರು.

ಅವರು ರಿಮೋಟು ಒತ್ತಿದರು. ಕಾರು ಬಲಕ್ಕೆ ಹೊರಟಿತು. ಕುಂಟುತ್ತಾ, ಒದರುತ್ತಾ ತಿರುವಿನವರೆಗೆ ಹೋಗಿ ಮಗುಚಿ ಬಿತ್ತು. ಅವರು ಹೋಗಿ ಎತ್ತಿ ನಿಲ್ಲಿಸಿದರು. ಮತ್ತೆ ಒತ್ತಿದರು. ಮತ್ತೆ ಮಗುಚಿತು. ನಮ್ಮ ಕಡೆಗೆ ನೋಡದೆಯೇ ಹೇಳಿದರು:

‘ಎರಡು ಸಲವೂ ನಾನು ಫೋನಿನಲ್ಲಿ ಕೇಳಿದ್ದು ಮಾರಾಯ. ಈ ಸಲ ಹತ್ತಿರವೇ ಇದ್ದೇನೆ. ಇದ್ದು ನನ್ನ ಕೈಯಲ್ಲಿ ಎಂತ ಉಂಟು? ಇದೊಂದು ಉಂಟು.’

ಮಗು ಬದುಕಿತು, ಬಹಳ ದಿನಗಳ ನಂತರ ಮನೆಗೆ ಬಂದಿತು. ಅದು ಡಾಕ್ಟರುಗಳ, ನರ್ಸುಗಳ ಕೆಲಸ, ಕಾರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಈಗ ಎಲ್ಲರಿಗಿಂತ ಜೋರಾಗಿ, ಸಿಟ್ಟಿನಿಂದಲೇ, ಹೇಳುವವರು ಭಾವ. ಆದರೆ ಆ ಮಧ್ಯಾಹ್ನ ಮುಂದೇನು ಎಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಮ್ಮ ಕೈಯಲ್ಲಿದ್ದ ಚೀಲವನ್ನು ಮೆಟ್ಟಿಲ ಮೇಲಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರು ಮಗುಚುವ ತಿರುವಿನಲ್ಲಿ ಹೋಗಿ ನಿಂತರು. ಅವರಿಗೆ ಮಂಡಿನೋವು. ಗೋಡೆ ಹಿಡಿಯದೆ ಬಗ್ಗಲಾಗುತ್ತಿರಲಿಲ್ಲ. ಅಲ್ಲಿ ಹಿಡಿಯಲು ಗೋಡೆಯಿರಲಿಲ್ಲ. ಬಗ್ಗಿ, ಕಾರನ್ನು ಎರಡೂ ಕೈಯಲ್ಲಿ ಎತ್ತಿ, ಮೂತಿಯನ್ನು ಸರಿಯಾದ ದಿಕ್ಕಿಗೆ ಮಾಡಿ ನೆಲಕ್ಕಿಟ್ಟರು.

‘ಹ್ಞೂಂ, ಬಿಡಿ,’ ಎಂದರು ಅಳಿಯನಿಗೆ. ನನ್ನ ಮೂಲಕವಲ್ಲ, ನೇರವಾಗಿ.

ಆ ದಾರಿಗೆ ಇನ್ನೊಂದು ತಿರುವಿತ್ತು. ನಾನು ಅಲ್ಲಿ ಹೋಗಿ ನಿಂತೆ.

ಕಾರು ಬಂದಿತು, ಅಮ್ಮನ ಕಾಲಬುಡದಲ್ಲಿ ಮತ್ತೆ ಮಗುಚಿತು. ‘ಮೆಲ್ಲ ಬಿಡಿ ಅಂದರೆ ಕೇಳುವುದಿಲ್ಲ ನೀವು! ಎಂತ ಅವಸರ ನಿಮಗೆ?’ ಎಂದು ಅಮ್ಮ ಬೈದರು. ಬೈಯುತ್ತಲೇ ಬಗ್ಗಿದರು.